ಚಪ್ಪಲಿ ಕಾಲಿಗೆ ಹಿಮದ ಬೂಟು: ಸ್ನೋಬೋರ್ಡ್ ಬೂಟು ಆರಿಸುವ ಬಗೆ, ಹೆಜ್ಜೆ ಹೆಜ್ಜೆಯಾಗಿ

ಶಾಲೆ ಶುರುವಾಗುವ ಮುಂಚೆ ಅಪ್ಪ ನಮ್ಮನ್ನು ಸಯ್ಯಾಜಿರಾವ್ ರಸ್ತೆಗೆ ಕರೆದುಕೊಂಡು ಹೋಗಿ ಶೂ ಕೊಡಿಸುತ್ತಿದ್ದರು. ಅಂಗಡಿಯವರು ಶೂ ಮೇಲಿಂದ ಹೆಬ್ಬೆರಳು ಎಲ್ಲಿದೆ ಅಂತ ಒತ್ತಿ ನೋಡುತ್ತಿದ್ದರು. ಅಪ್ಪನದು ಪ್ರತಿ ವರ್ಷವೂ ಒಂದೇ ಮಾತು: "ಬೆಳೆಯೋ ಕಾಲು, ಒಂದು ಸೈಜ್ ದೊಡ್ಡದೇ ಕೊಡಿ." ಎರಡು ವರ್ಷ ಬಾಳಿಕೆ ಬರಬೇಕಲ್ವಾ? ಉಳಿದ ಹೊತ್ತೆಲ್ಲ ಚಪ್ಪಲಿ, ಇಲ್ಲವೇ ಬರಿಗಾಲು. ಮೈಸೂರು ಮಂಡ್ಯ ಕಡೆ ಬೆಳೆದ ಬಹುಪಾಲು ಜನರ ಕಾಲಿನ ಕತೆ ಇಷ್ಟೇ. ಸಡಿಲವಾಗಿದ್ದರೆ ಹಾಯಾಗಿದೆ, ಎಲ್ಲೂ ತಾಗದಿದ್ದರೆ ಸರಿಯಾಗಿದೆ ಅನ್ನುವುದು ನಮಗೆ ರೂಢಿಯಾಗಿಬಿಟ್ಟಿದೆ.

ಹಿಮದ ಮೇಲೆ ಹಲಗೆ ಕಟ್ಟಿಕೊಂಡು ಜಾರುವವರು ಹಾಕುವ ಸ್ನೋಬೋರ್ಡ್ ಬೂಟಿನ ಲೆಕ್ಕ ಇದಕ್ಕೆ ಪೂರ್ತಿ ಉಲ್ಟಾ. ಅದು ಕಾಲಿನ ಎಲ್ಲ ಕಡೆಗೂ ತಾಗಬೇಕು. ನಾನು ಮೊದಲ ಸಲ ಕಾಶ್ಮೀರದ ಗುಲ್ಮಾರ್ಗ್‌ಗೆ ಹೋದಾಗ ಇದು ಗೊತ್ತಿರಲಿಲ್ಲ. ಬಾಡಿಗೆ ಅಂಗಡಿಯಲ್ಲಿ ಸೈಜ್ ಕೇಳಿದರು, 9 ಅಂದೆ, ಕೊಟ್ಟರು. ಮೆತ್ತಗೆ, ಹಾಯಾಗಿ ಇತ್ತು. ಎರಡು ದಿನ ಬಿದ್ದಿದ್ದೇ ಬಿದ್ದಿದ್ದು. ಮೂರನೇ ದಿನ ಹೆಬ್ಬೆರಳ ಉಗುರು ಕಪ್ಪಾಗಿತ್ತು. ಕಲಿಸುವವರು ಬೂಟು ನೋಡಿ ಒಂದೂವರೆ ಸೈಜ್ ಚಿಕ್ಕದು ತಂದುಕೊಟ್ಟರು. ಅವತ್ತು ಮಧ್ಯಾಹ್ನವೇ ಹಲಗೆ ನಾನು ಹೇಳಿದ ಕಡೆ ತಿರುಗಿತು. ಈ ಬರಹ ಆ ಮೂರು ದಿನದಿಂದಲೇ ಹುಟ್ಟಿದ್ದು. ಜನವರಿ ಫೆಬ್ರವರಿಯಲ್ಲಿ ಗುಲ್ಮಾರ್ಗ್, ಉತ್ತರಾಖಂಡದ ಔಲಿ, ಹಿಮಾಚಲದ ಸೋಲಂಗ್ ಕಡೆ ಹೊರಟಿರುವ ನಮ್ಮೂರಿನವರು ಆ ಮೂರು ದಿನ ಕಳೆದುಕೊಳ್ಳಬಾರದು.

ಬಿಗಿ ಯಾಕೆ ಬೇಕು

ಸ್ನೋಬೋರ್ಡಿನಲ್ಲಿ ಎರಡೂ ಕಾಲನ್ನು ಒಂದೇ ಹಲಗೆಗೆ ಕಟ್ಟಿಕೊಂಡು ಅಡ್ಡಡ್ಡ ನಿಂತು ಜಾರುತ್ತೇವೆ. ಕೈಯಲ್ಲಿ ಕೋಲು ಇರುವುದಿಲ್ಲ. ತಿರುಗಬೇಕೆಂದರೂ ನಿಲ್ಲಬೇಕೆಂದರೂ ಹಲಗೆಯ ಅಂಚನ್ನು ಹಿಮಕ್ಕೆ ಒತ್ತಬೇಕು. ಒಂದು ಅಂಚು ಬೆರಳ ಕಡೆ, ಇನ್ನೊಂದು ಹಿಮ್ಮಡಿ ಕಡೆ.

ಬೆರಳ ಕಡೆ ವಾಲುವಾಗ ಮೊಣಕಾಲ ಕೆಳಗಿನ ಎಲುಬನ್ನು ಬೂಟಿನ ನಾಲಿಗೆಗೆ ಒತ್ತುತ್ತೇವೆ. ಆಗ ಹಿಮ್ಮಡಿ ಮೇಲಕ್ಕೆ ಎಳೆಯುತ್ತದೆ. ಹಿಮ್ಮಡಿಯ ಜೊತೆ ಬೂಟು, ಬೂಟಿನ ಜೊತೆ ಹಲಗೆ, ಮೂರೂ ಒಟ್ಟಿಗೆ ಏಳಬೇಕು. ಬೂಟು ಸಡಿಲವಿದ್ದರೆ ಮೊದಲು ಹಿಮ್ಮಡಿ ಮಾತ್ರ ಏಳುತ್ತದೆ. ಹಲಗೆ ಆಮೇಲೆ ನಿಧಾನಕ್ಕೆ ಏಳುತ್ತದೆ. ಆ ಅರ್ಧ ಗಳಿಗೆಯಲ್ಲಿ ಬಿದ್ದಿರುತ್ತೇವೆ. ಸಡಿಲ ಬೂಟಿನಲ್ಲಿ ಕಾಲು ಮುಂದಕ್ಕೆ ಜಾರಿ ಬೆರಳು ತುದಿಗೆ ಗುದ್ದುತ್ತದೆ. ಉಗುರು ಕಪ್ಪಾಗುವುದು ಇದರಿಂದಲೇ. ಬೂಟು ಚಿಕ್ಕದಾಯಿತು ಅಂದುಕೊಂಡು ಇನ್ನೂ ದೊಡ್ಡದು ಕೇಳುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಇನ್ನೊಂದು ಕಾರಣವೂ ಇದೆ. ಬೂಟಿನೊಳಗೆ ಬೇರೆಯಾಗಿ ತೆಗೆಯಬಹುದಾದ ಮೆತ್ತನೆಯ ಒಳಬೂಟು ಇರುತ್ತದೆ. ಲೈನರ್ ಅನ್ನುತ್ತಾರೆ. ಅದು ಫೋಮ್. ಕೆಲವು ದಿನ ಜಾರಿದ ಮೇಲೆ ಫೋಮ್ ಅಮುಕಿಕೊಂಡು ಬೂಟು ತಾನಾಗಿ ಸ್ವಲ್ಪ ಸಡಿಲವಾಗುತ್ತದೆ. ಹೊಸದರಲ್ಲೇ ಆರಾಮಾಗಿರುವ ಬೂಟು ಒಂದು ವಾರದಲ್ಲಿ ಲೊಡಲೊಡ ಅನ್ನುತ್ತದೆ.

ಹೆಜ್ಜೆ 1: ಕಾಲು ಅಳೆಯಿರಿ, ಅದೂ ಸಂಜೆ

ದಿನವಿಡೀ ನಿಂತು ಓಡಾಡಿದ ಮೇಲೆ ಕಾಲು ಸ್ವಲ್ಪ ಊದಿರುತ್ತದೆ. ಆಗಲೇ ಅಳೆಯಿರಿ. ಒಂದು ಎ4 ಹಾಳೆ ತಗೊಳ್ಳಿ. ಅದರ ಉದ್ದ 29.7 ಸೆಂ.ಮೀ., ಬಹುತೇಕ ಎಲ್ಲರ ಕಾಲಿಗೂ ಸಾಕು. ಗಟ್ಟಿ ನೆಲದ ಮೇಲೆ, ಹಾಳೆಯ ಒಂದು ಅಂಚು ಗೋಡೆಗೆ ತಾಗುವಂತೆ ಇಡಿ. ಹಿಮ್ಮಡಿ ಗೋಡೆಗೆ ತಾಗಿಸಿ ನಿಂತುಕೊಳ್ಳಿ. ಕೂತು ಅಳೆದರೆ ಅಳತೆ ಕಮ್ಮಿ ಬರುತ್ತದೆ, ಮೈಭಾರ ಬಿದ್ದಾಗ ಪಾದ ಹರಡಿಕೊಳ್ಳುತ್ತದೆ. ಇನ್ನೊಬ್ಬರ ಕೈಯಲ್ಲಿ ಗುರುತು ಹಾಕಿಸಿ. ನೀವೇ ಬಗ್ಗಿದರೆ ಹಿಮ್ಮಡಿ ಗೋಡೆ ಬಿಡುತ್ತದೆ. ಪೆನ್ಸಿಲ್ಲನ್ನು ನೆಟ್ಟಗೆ ಹಿಡಿದು ಉದ್ದನೆಯ ಬೆರಳ ತುದಿಗೆ ಗುರುತು ಹಾಕಬೇಕು. ಕೆಲವರಿಗೆ ಹೆಬ್ಬೆರಳಿಗಿಂತ ಪಕ್ಕದ ಬೆರಳೇ ಉದ್ದ. ಹಾಗಿದ್ದರೆ ಅದನ್ನೇ ಲೆಕ್ಕಕ್ಕೆ ತಗೊಳ್ಳಿ.

ಎರಡೂ ಕಾಲು ಅಳೆಯಿರಿ. ಮೂರು ನಾಲ್ಕು ಮಿಲಿಮೀಟರ್ ವ್ಯತ್ಯಾಸ ಇದ್ದರೆ ಗಾಬರಿ ಬೇಡ. ದೊಡ್ಡ ಕಾಲಿನ ಅಳತೆಗೆ ಬೂಟು ಆರಿಸಿ. ಉಗುರು ಕತ್ತರಿಸಿಕೊಂಡೇ ಅಳೆಯಿರಿ.

ಜೊತೆಗೆ ಅಗಲವನ್ನೂ ಗುರುತು ಮಾಡಿ. ಬೆರಳುಗಳ ಬುಡದಲ್ಲಿ, ಪಾದ ಎಲ್ಲಕ್ಕಿಂತ ಅಗಲವಾಗಿರುವ ಕಡೆ, ಎರಡೂ ಬದಿಗೆ ಒಂದೊಂದು ಗೆರೆ.

ಹೆಜ್ಜೆ 2: ಶೂ ನಂಬರ್ ಮರೆತು ಮೊಂಡೊ ಹಿಡಿಯಿರಿ

ಸ್ನೋಬೋರ್ಡ್ ಬೂಟಿನ ನಾಲಿಗೆಯ ಮೇಲೆ ನಾಲ್ಕಾರು ನಂಬರ್ ಇರುತ್ತವೆ. ಯುಎಸ್, ಯುಕೆ, ಯೂರೋಪ್, ಅದರ ಜೊತೆ ಮೊಂಡೊಪಾಯಿಂಟ್. ನಿಮಗೆ ಬೇಕಿರುವುದು ಕೊನೆಯದು. ಮೊಂಡೊ ಅಂದರೆ ಪಾದದ ಉದ್ದ, ಸೆಂಟಿಮೀಟರಿನಲ್ಲೋ ಮಿಲಿಮೀಟರಿನಲ್ಲೋ. ಅಳತೆ 26.4 ಬಂದರೆ ಮೊದಲು 26.5 ಮೊಂಡೊ ಬೂಟು ಹಾಕಿ ನೋಡಿ. ಇಷ್ಟು ಸರಳ.

ನಮ್ಮೂರಿನ ಅಂಗಡಿಗಳಲ್ಲಿ ಸಿಗುವ ಶೂಗಳ ನಂಬರ್ ಸಾಮಾನ್ಯವಾಗಿ ಯುಕೆ ಲೆಕ್ಕ. ಗಂಡಸರ ಬೂಟಿಗೆ ಒಂದು ಸುಲಭ ದಾರಿ ಹೇಳುತ್ತೇನೆ: ಯುಕೆ ನಂಬರಿಗೆ 19 ಸೇರಿಸಿದರೆ ಹೆಚ್ಚುಕಮ್ಮಿ ಮೊಂಡೊ ಬರುತ್ತದೆ. ಯುಕೆ 7 ಅಂದರೆ 26, ಯುಕೆ 8 ಅಂದರೆ 27, ಯುಕೆ 9 ಅಂದರೆ 28. ಕಂಪನಿಯಿಂದ ಕಂಪನಿಗೆ ಅರ್ಧ ಸೈಜ್ ಆಚೀಚೆ ಆಗುತ್ತದೆ. ಯುಎಸ್ ನಂಬರ್ ಯುಕೆಗಿಂತ ಒಂದು ಜಾಸ್ತಿ. ನನ್ನ ಪಾದ 26.3 ಸೆಂ.ಮೀ. ನಾನು ಕೇಳಿ ಪಡೆದದ್ದು ಯುಕೆ 9, ಅಂದರೆ 28 ಸೆಂ.ಮೀ. ಪಾದದವರ ಬೂಟು. ಲೆಕ್ಕ ಹಾಕಿದರೆ 1.7 ಸೆಂ.ಮೀ. ಖಾಲಿ ಜಾಗ.

ಹೆಂಗಸರ ಯುಎಸ್ ನಂಬರ್ ಲೆಕ್ಕ ಬೇರೆ. ಗಂಡಸರ ಯುಎಸ್ 7 ಮತ್ತು ಹೆಂಗಸರ ಯುಎಸ್ 8, ಎರಡೂ ಮೊಂಡೊ 25. ಅದಕ್ಕೇ ಮೊಂಡೊ ಒಂದನ್ನೇ ನೋಡಿ ಅನ್ನುವುದು. ಹೆಂಗಸರ ಬೂಟಿನಲ್ಲಿ ಹಿಮ್ಮಡಿ ಜಾಗ ಕಿರಿದು, ಮೇಲಿನ ಪಟ್ಟಿಯೂ ಮೀನಖಂಡಕ್ಕೆ ಹೊಂದುವಂತೆ ಬೇರೆ ಆಕಾರದಲ್ಲಿರುತ್ತದೆ. ಬಣ್ಣ ಮಾತ್ರ ಬೇರೆ ಅಂದುಕೊಳ್ಳಬೇಡಿ.

ಹೆಜ್ಜೆ 3: ಅಗಲದ ವಿಚಾರ, ನಮಗೆ ಬಹಳ ಮುಖ್ಯ

ಅತ್ತೆಯ ಮಗ ಮಂಡ್ಯದವನು. ಕಬ್ಬಿನ ಗದ್ದೆಯಲ್ಲಿ ಬರಿಗಾಲಲ್ಲೇ ಬೆಳೆದವನು. ಎರಡನೇ ಸಲ ಗುಲ್ಮಾರ್ಗ್‌ಗೆ ಅವನನ್ನೂ ಕರೆದುಕೊಂಡು ಹೋಗಿದ್ದೆ. ಉದ್ದಕ್ಕೆ ಸರಿಯಾದ ಬೂಟು ಹಾಕಿಸಿದರೆ ಹತ್ತು ನಿಮಿಷಕ್ಕೆ, "ಅಣ್ಣ, ಪಕ್ಕ ಎಲ್ಲ ಹಿಂಡ್ತದೆ ಕಣಣ್ಣ, ಬೆರಳು ಜೋಮು ಹಿಡೀತು" ಅಂದ. ನಾನು ಬಿಗಿ ಇರಬೇಕು ಸುಮ್ನಿರು ಅಂದೆ. ಅದು ನನ್ನ ತಪ್ಪು. ಬಿಗಿ ಬೇರೆ, ಹಿಂಡುವುದು ಬೇರೆ.

ಬರಿಗಾಲಲ್ಲಿ ಬೆಳೆದವರ ಪಾದ ಮುಂಭಾಗದಲ್ಲಿ ಅಗಲವಾಗಿರುತ್ತದೆ, ಬೆರಳುಗಳು ಬಿಡಿಬಿಡಿಯಾಗಿ ಹರಡಿರುತ್ತವೆ. ಇಂಥ ಕಾಲಿನವರು ಅಗಲ ಸಾಲದ್ದಕ್ಕೆ ಉದ್ದ ಜಾಸ್ತಿ ಮಾಡಿಕೊಳ್ಳುತ್ತಾರೆ. ಅದರಿಂದ ಬೆರಳಿಗೆ ಜಾಗ ಸಿಗುತ್ತದೆ, ಆದರೆ ಹಿಮ್ಮಡಿ ಸಡಿಲವಾಗುತ್ತದೆ. ಅಗಲ ಪಾದದವರಿಗೆಂದೇ ವೈಡ್ ಅನ್ನುವ ಮಾದರಿಗಳು ಬರುತ್ತವೆ. ಬರ್ಟನ್ ಕಂಪನಿಯ ಫೋಟಾನ್ ವೈಡ್, ಕೆ2 ಕಂಪನಿಯ ಮೇಸಿಸ್ ವೈಡ್ ಆ ಬಗೆಯವು. ಅದೇ ಉದ್ದ, ಮುಂದೆ ಅಗಲ ಜಾಸ್ತಿ.

ಅಗಲ ಸರಿ ಇದೆಯಾ ಅಂತ ನೋಡಲು ಒಂದು ಉಪಾಯ. ಲೈನರ್ ಒಳಗಿನ ಅಡಿಪಟ್ಟಿ, ಅಂದರೆ ಇನ್ಸೋಲ್, ಹೊರಗೆ ತೆಗೆಯಿರಿ. ನೆಲದ ಮೇಲಿಟ್ಟು ಅದರ ಮೇಲೆ ನಿಂತುಕೊಳ್ಳಿ. ಕಿರುಬೆರಳ ಪಕ್ಕ ಪಾದ ಒಂದಿಷ್ಟು ಆಚೆ ಬಂದರೆ ಪರವಾಗಿಲ್ಲ, ಫೋಮ್ ಜಾಗ ಕೊಡುತ್ತದೆ. ಕಿರುಬೆರಳೇ ಪೂರ್ತಿ ಆಚೆ ಇದ್ದರೆ ಆ ಬೂಟು ನಿಮ್ಮದಲ್ಲ.

ಹೆಜ್ಜೆ 4: ಒಂದೇ ಕಾಲುಚೀಲ

ಚಳಿ ಅಂತ ಎರಡು ಮೂರು ಜೊತೆ ಹಾಕಿಕೊಳ್ಳುವವರೇ ಜಾಸ್ತಿ. ಚಳಿಗಾಲದಲ್ಲಿ ಸ್ವೆಟರ್ ಮೇಲೆ ಸ್ವೆಟರ್ ಹಾಕಿದಂತೆ ಇದು ಅಂದುಕೊಳ್ಳುತ್ತಾರೆ. ಬೂಟಿನೊಳಗೆ ಹಾಗಾಗುವುದಿಲ್ಲ. ಎರಡು ಚೀಲ ಒಂದರ ಮೇಲೊಂದು ಜಾರಿ ಮಡಿಕೆ ಬೀಳುತ್ತವೆ, ಮಡಿಕೆ ಇರುವ ಕಡೆ ಬೊಬ್ಬೆ ಬರುತ್ತದೆ. ರಕ್ತ ಓಡಾಡುವುದಕ್ಕೂ ಜಾಗ ಇಲ್ಲದೆ ಕಾಲು ಇನ್ನೂ ತಣ್ಣಗಾಗುತ್ತದೆ. ಮೊಣಕಾಲ ಹತ್ತಿರದವರೆಗೆ ಬರುವ, ತೆಳುವಾದ ಒಂದೇ ಜೊತೆ ಸಾಕು. ಮೆರಿನೋ ಉಣ್ಣೆಯದು ಒಳ್ಳೆಯದು. ಹತ್ತಿಯದು ಬೇಡವೇ ಬೇಡ. ಹತ್ತಿ ಬೆವರು ಹೀರಿಕೊಂಡು ಒದ್ದೆಯಾಗೇ ಉಳಿಯುತ್ತದೆ. ಆ ಕಾಲುಚೀಲ ಹಾಕಿಕೊಂಡೇ ಬೂಟು ನೋಡಿ. ಪ್ಯಾಂಟು, ಥರ್ಮಲ್ ಯಾವುದೂ ಬೂಟಿನೊಳಗೆ ಹೋಗಬಾರದು.

ಹೆಜ್ಜೆ 5: ಹಾಕಿ ನೋಡುವುದು

ಇದಕ್ಕೆ ಅವಸರ ಮಾಡಬೇಡಿ. ಮೈಸೂರಿನಲ್ಲಿ ಸ್ನೋಬೋರ್ಡ್ ಬೂಟು ಹಾಕಿ ನೋಡುವಂಥ ಅಂಗಡಿ ನನ್ನ ಕಣ್ಣಿಗೆ ಬಿದ್ದಿಲ್ಲ. ಆನ್‌ಲೈನ್‌ನಲ್ಲಿ ತರಿಸುವುದೋ, ವಿದೇಶದಲ್ಲಿರುವ ಅಕ್ಕನೋ ಭಾವನೋ ತಂದುಕೊಡುವುದೋ ಆಗುತ್ತದೆ. ತರಿಸುವ ಮುಂಚೆ ವಾಪಸ್ ತಗೊಳ್ಳುತ್ತಾರಾ ಅಂತ ಓದಿಕೊಳ್ಳಿ. ಬಂದ ಮೇಲೆ ಮನೆಯೊಳಗೇ, ಹಳೇ ಬೆಡ್‌ಶೀಟ್ ಹಾಸಿ ಅದರ ಮೇಲೆ ನೋಡಿ. ಅಡಿ ಕೊಳೆಯಾದರೆ ವಾಪಸ್ ಕಷ್ಟ.

ಹಾಕುವುದಕ್ಕೂ ಒಂದು ಕ್ರಮ ಇದೆ. ಲೇಸೆಲ್ಲ ಪೂರ್ತಿ ಸಡಿಲ ಮಾಡಿ. ನಾಲಿಗೆಯನ್ನು ಮುಂದಕ್ಕೆ ಎಳೆದು ಕಾಲು ಇಳಿಸಿ. ಆಮೇಲೆ ಕಾಲ್ಬೆರಳು ಮೇಲಕ್ಕೆತ್ತಿ, ಹಿಮ್ಮಡಿಯನ್ನು ನೆಲಕ್ಕೆ ನಾಲ್ಕೈದು ಸಲ ಕುಟ್ಟಿ. ಹಿಮ್ಮಡಿ ಹಿಂದಿನ ಗುಂಡಿಯಲ್ಲಿ ಹೋಗಿ ಕೂರುತ್ತದೆ. ಈ ಕುಟ್ಟುವುದನ್ನು ಬಿಟ್ಟರೆ ಸರಿಯಾದ ಸೈಜೂ ಚಿಕ್ಕದು ಅನ್ನಿಸುತ್ತದೆ. ಮೊದಲು ಲೈನರ್ ದಾರ ಬಿಗಿ ಮಾಡಿ, ಆಮೇಲೆ ಹೊರಗಿನ ಲೇಸ್, ಪಾದದ ಕಡೆಯಿಂದ ಶುರು ಮಾಡಿ ಮೇಲಕ್ಕೆ.

ಈಗ ನೆಟ್ಟಗೆ ನಿಂತುಕೊಳ್ಳಿ. ಬೆರಳ ತುದಿ ಮುಂದೆ ಮೆಲ್ಲಗೆ ತಾಗಬೇಕು. ಹೌದು, ತಾಗಲೇಬೇಕು. ನಮಗೆ ಇದನ್ನು ಒಪ್ಪಿಕೊಳ್ಳುವುದೇ ಕಷ್ಟ. ಇನ್ನು ಗರಡಿಯಲ್ಲಿ ಬಸ್ಕಿ ಹೊಡೆಯುವಂತೆ ಅರ್ಧ ಬಗ್ಗಿ, ಮೊಣಕಾಲು ಮುಂದೆ ಬರಲಿ. ಹಿಮ್ಮಡಿ ಹಿಂದಕ್ಕೆ ಸರಿದು ಬೆರಳಿಗೆ ಒಂದಿಷ್ಟು ಜಾಗ ಸಿಗಬೇಕು. ಹಿಮದ ಮೇಲೆ ನೀವು ಇರುವುದು ಈ ಭಂಗಿಯಲ್ಲೇ. ನೆಟ್ಟಗೆ ನಿಂತಾಗಲೇ ಬೆರಳು ಮಡಚಿಕೊಂಡಿದ್ದರೆ ಚಿಕ್ಕದು. ನೆಟ್ಟಗೆ ನಿಂತರೂ ಎಲ್ಲೂ ತಾಗದಿದ್ದರೆ ದೊಡ್ಡದು.

ಮುಂದಿನದು ಹಿಮ್ಮಡಿ ಪರೀಕ್ಷೆ. ಒಂದೇ ಪರೀಕ್ಷೆ ಮಾಡುವುದಾದರೆ ಇದನ್ನೇ ಮಾಡಿ. ಮನೆಯ ಮೆಟ್ಟಿಲ ತುದಿಗೆ ಪಾದದ ಮುಂಭಾಗ ಮಾತ್ರ ಇಟ್ಟು, ಗೋಡೆ ಹಿಡಿದುಕೊಂಡು, ಮೊಣಕಾಲು ಬಗ್ಗಿಸಿ ತುದಿಗಾಲಲ್ಲಿ ಏಳಿ. ಬೂಟಿನ ಹಿಂಭಾಗ ಮತ್ತು ನಿಮ್ಮ ಹಿಮ್ಮಡಿ ಒಟ್ಟಿಗೆ ಏಳಬೇಕು. ಹಿಮ್ಮಡಿ ಒಳಗೇ ಸೆಂಟಿಮೀಟರಿನಷ್ಟು ಎದ್ದರೆ ಲೇಸ್ ಇನ್ನೊಮ್ಮೆ ಬಿಗಿ ಮಾಡಿ ನೋಡಿ. ಆಗಲೂ ಎದ್ದರೆ ಅರ್ಧ ಸೈಜ್ ಕಮ್ಮಿ ಮಾಡಿ, ಇಲ್ಲವೇ ಬೇರೆ ಮಾದರಿ ನೋಡಿ. ಲೇಸ್ ಎಷ್ಟು ಎಳೆದರೂ ಸೈಜ್ ತಪ್ಪನ್ನು ಮುಚ್ಚಲು ಆಗುವುದಿಲ್ಲ.

ಆಮೇಲೆ ಬೂಟು ಬಿಚ್ಚದೆ ಅರ್ಧ ಗಂಟೆ ಇರಿ. ಟಿವಿ ನೋಡಿ, ಕಾಫಿ ಕುಡಿಯಿರಿ, ಆಗಾಗ ಬಗ್ಗಿ ಏಳಿ. ಮೈಸೂರಿನ ಸೆಖೆಯಲ್ಲಿ ಕಾಲು ಬೆವರುತ್ತದೆ, ಫ್ಯಾನ್ ಕೆಳಗೆ ಮಾಡಿದರೆ ವಾಸಿ. ಅರ್ಧ ಗಂಟೆ ಆದ ಮೇಲೆ ಏನನ್ನಿಸುತ್ತದೆ ಅನ್ನುವುದೇ ಮುಖ್ಯ. ಇಡೀ ಪಾದವನ್ನು ಯಾರೋ ಗಟ್ಟಿಯಾಗಿ ಹಿಡಿದುಕೊಂಡ ಹಾಗಿದ್ದರೆ ಬಿಗಿ ಸರಿಯಾಗಿದೆ. ಒಂದೇ ಜಾಗದಲ್ಲಿ, ಕಣಕಾಲಿನ ಗಂಟಿನ ಹತ್ತಿರವೋ ಕಿರುಬೆರಳ ಬುಡದಲ್ಲೋ, ಚುಚ್ಚುತ್ತಿದ್ದರೆ ಅಥವಾ ಬೆರಳು ಜೋಮು ಹಿಡಿದರೆ ಆ ಬೂಟಿನ ಆಕಾರ ನಿಮ್ಮ ಕಾಲಿನದಲ್ಲ. ಬೂಟು ಬಿಚ್ಚಿ ಪಾದ ನೋಡಿಕೊಳ್ಳಿ. ಎಲ್ಲಿ ಕೆಂಪಾಗಿದೆಯೋ ಅಲ್ಲೇ ಹಿಮದ ಮೇಲೆ ನೋವು ಬರುವುದು.

ಚಿಕ್ಕಪುಟ್ಟ ಕೊರತೆಗೆ ಪರಿಹಾರ ಇದೆ. ಹಿಮ್ಮಡಿ ಸ್ವಲ್ಪ ಮಾತ್ರ ಆಡುತ್ತಿದ್ದರೆ ಲೈನರ್ ಹೊರಮೈಗೆ, ಕಣಕಾಲಿನ ಗಂಟಿನ ಸುತ್ತ ಅಂಟಿಸುವ ಫೋಮ್ ತುಂಡುಗಳು ಸಿಗುತ್ತವೆ. ಪಾದದ ಕಮಾನು ಎತ್ತರವಿರುವವರಿಗೆ ಒಳ್ಳೆಯ ಇನ್ಸೋಲ್ ಬಹಳ ವ್ಯತ್ಯಾಸ ಮಾಡುತ್ತದೆ. ಎಷ್ಟೋ ಲೈನರ್‌ಗಳನ್ನು ಬಿಸಿ ಮಾಡಿ ಕಾಲಿನ ಆಕಾರಕ್ಕೆ ಕೂರಿಸಬಹುದು. ಆದರೆ ಅದು ಸಲಕರಣೆ ಇರುವ ಅಂಗಡಿಯ ಕೆಲಸ. ಮನೆಯ ಓವನ್‌ನಲ್ಲಿ ಇಡಲು ಹೋಗಬೇಡಿ. ನಾಲ್ಕೈದು ದಿನ ಜಾರಿದರೆ ಮೈಬಿಸಿಗೇ ಅದು ಹೊಂದಿಕೊಳ್ಳುತ್ತದೆ.

ಹೆಜ್ಜೆ 6: ಎಷ್ಟು ಗಡಸು ಬೇಕು

ಬೂಟು ಬಗ್ಗುವ ಗುಣಕ್ಕೆ ಫ್ಲೆಕ್ಸ್ ಅನ್ನುತ್ತಾರೆ. ಸಾಮಾನ್ಯವಾಗಿ 1ರಿಂದ 10ರವರೆಗೆ ನಂಬರ್ ಕೊಡುತ್ತಾರೆ. 1 ಅಂದರೆ ಬಹಳ ಮೆತ್ತಗೆ, 10 ಅಂದರೆ ಬಹಳ ಗಡಸು. ಇದಕ್ಕೆ ಎಲ್ಲರೂ ಒಪ್ಪಿದ ಅಳತೆ ಇಲ್ಲ. ಒಂದು ಕಂಪನಿಯ 5 ಇನ್ನೊಂದು ಕಂಪನಿಯ 7ರ ಹಾಗಿರಬಹುದು.

ಹೊಸದಾಗಿ ಕಲಿಯುವವರಿಗೆ 3ರಿಂದ 5ರ ಒಳಗೆ ಸಾಕು. ಮೆತ್ತನೆಯ ಬೂಟು ತಪ್ಪನ್ನು ಸ್ವಲ್ಪ ಮಟ್ಟಿಗೆ ಮನ್ನಿಸುತ್ತದೆ. ಗಡಸು ಬೂಟು ಕಾಲಿನ ಸಣ್ಣ ಅಲುಗಾಟವನ್ನೂ ಹಲಗೆಗೆ ಮುಟ್ಟಿಸುತ್ತದೆ. ಕಡಿದಾದ ಇಳಿಜಾರಿನಲ್ಲಿ, ಗುಲ್ಮಾರ್ಗಿನ ರೋಪ್‌ವೇ, ಅಂದರೆ ಗೊಂಡೋಲದ ಎರಡನೇ ಹಂತ ಹತ್ತಿ ಅಫರ್ವತ್ ಬೆಟ್ಟದ ಕಡೆಯಿಂದ ಇಳಿಯುವವರಿಗೆ ಅದು ಬೇಕು, ಕಲಿಯುವವರಿಗಲ್ಲ. ಮೈಭಾರ ಜಾಸ್ತಿ ಇರುವವರು ಒಂದು ನಂಬರ್ ಮೇಲಿನದು ನೋಡಿ. ಚಳಿಯಲ್ಲಿ ಬೂಟು ಇನ್ನೂ ಗಡಸಾಗುತ್ತದೆ. ಮನೆಯಲ್ಲಿ ಕಷ್ಟಪಟ್ಟು ಬಗ್ಗುವ ಬೂಟು ಅಲ್ಲಿ ಬಗ್ಗುವುದೇ ಇಲ್ಲ.

ಹೆಜ್ಜೆ 7: ಲೇಸ್, ಎಳೆದಾರ, ಬೋವಾ

ಕಟ್ಟುವ ಬಗೆ ಮೂರು. ಮಾಮೂಲಿ ಲೇಸು ಒಂದು. ಹಿಡಿ ಹಿಡಿದು ಎಳೆದರೆ ಬಿಗಿಯಾಗುವ ದಾರ ಇನ್ನೊಂದು. ಬೋವಾ ಅನ್ನುವ ತಿರುಗಣೆ ಮೂರನೆಯದು, ಅದರಲ್ಲಿ ಸಣ್ಣ ಗಾಲಿ ತಿರುಗಿಸಿದರೆ ತೆಳುವಾದ ತಂತಿ ಬಿಗಿಯುತ್ತದೆ.

ಬೋವಾ ಬಲು ಸುಲಭ, ಕೈಗವಸು ತೆಗೆಯದೆಯೂ ಬಿಗಿ ಮಾಡಬಹುದು. ಒಂದೇ ತಿರುಗಣೆ ಇರುವುದರಲ್ಲಿ ಪಾದ ಮತ್ತು ಕಣಕಾಲಿಗೆ ಬೇರೆ ಬೇರೆ ಬಿಗಿ ಕೊಡುವುದು ಕಷ್ಟ. ಎರಡು ಇರುವುದಾದರೆ ಆ ತೊಂದರೆ ಇಲ್ಲ. ನನ್ನ ಮನಸ್ಸಿಗೆ ಬಂದದ್ದು ಮಾತ್ರ ಮಾಮೂಲಿ ಲೇಸು. ಎಲ್ಲಿ ಬೇಕೋ ಅಲ್ಲಿ ಬಿಗಿ, ಎಲ್ಲಿ ಬೇಡವೋ ಅಲ್ಲಿ ಸಡಿಲ. ಅಗಲ ಪಾದದವರಿಗೆ ಇದು ವರ. ತುಂಡಾದರೆ ಯಾವ ಊರಲ್ಲಾದರೂ ಒಂದು ದಾರ ಸಿಗುತ್ತದೆ. ಬೆಳಿಗ್ಗೆ ಮರಗಟ್ಟಿದ ಬೆರಳಲ್ಲಿ ಕಟ್ಟುವುದು ಕಷ್ಟ ಅನ್ನುವುದು ನಿಜ. ಅದಕ್ಕೇ ನಾನು ರೂಮಿನಲ್ಲೇ ಕಟ್ಟಿಕೊಂಡು ಹೊರಡುತ್ತೇನೆ.

ಹೆಜ್ಜೆ 8: ಹಲಗೆ, ಬೈಂಡಿಂಗ್ ಜೊತೆ ಹೊಂದುತ್ತದಾ

ಬೂಟನ್ನು ಹಲಗೆಗೆ ಹಿಡಿದಿಡುವುದು ಬೈಂಡಿಂಗ್. ಅದಕ್ಕೂ ಸೈಜ್ ಇದೆ, ಬೂಟು ಆರಿಸಿದ ಮೇಲೆ ಅದಕ್ಕೆ ತಕ್ಕದ್ದು ತಗೊಳ್ಳಿ. ಬರ್ಟನ್ ಕಂಪನಿಯ ಸ್ಟೆಪ್ ಆನ್ ಎಂಬ ಪಟ್ಟಿಯಿಲ್ಲದ ಬೈಂಡಿಂಗಿಗೆ ಅದಕ್ಕೆಂದೇ ಮಾಡಿದ ಬೂಟೇ ಆಗಬೇಕು. ಆ ಬೂಟು ತಗೊಂಡು ಮಾಮೂಲಿ ಬಾಡಿಗೆ ಹಲಗೆಯ ಜೊತೆ ಹೊಂದಿಸಲು ಹೋಗಬೇಡಿ. ಯುಕೆ 10 ಅಥವಾ ಅದಕ್ಕಿಂತ ದೊಡ್ಡ ಕಾಲಿನವರು ಅಗಲದ ಹಲಗೆ ಕೇಳಿ. ಇಲ್ಲದಿದ್ದರೆ ಬೂಟಿನ ತುದಿ ಹೊರಚಾಚಿ ವಾಲುವಾಗ ಹಿಮಕ್ಕೆ ಉಜ್ಜುತ್ತದೆ.

ಬಾಡಿಗೆಯೋ, ಸ್ವಂತದ್ದೋ

ಮೊದಲ ಪ್ರವಾಸಕ್ಕೆ ಬಾಡಿಗೆ ಸಾಕು. ಎರಡನೇ ಸಲವೂ ಹೋಗುವುದು ಖಚಿತ ಅನ್ನಿಸಿದರೆ ಮೊದಲು ಬೂಟು ತಗೊಳ್ಳಿ. ಹಲಗೆ ಬಾಡಿಗೆಯದ್ದೇ ಇರಲಿ. ಹಲಗೆ ಯಾರದಾದರೂ ನಡೆಯುತ್ತದೆ, ಇನ್ನೊಬ್ಬರ ಕಾಲಿಗೆ ಅಮುಕಿದ ಲೈನರ್ ನಿಮಗೆ ಕೂರುವುದಿಲ್ಲ.

ಬಾಡಿಗೆ ಅಂಗಡಿಗೆ ಹೋದಾಗ ಶೂ ನಂಬರ್ ಹೇಳಬೇಡಿ, ಸೆಂಟಿಮೀಟರ್ ಹೇಳಿ. ಕೊಟ್ಟದ್ದು ಸ್ಕೀ ಬೂಟಲ್ಲ ತಾನೇ ಅಂತ ನೋಡಿ. ಸ್ಕೀ ಬೂಟು ಗಟ್ಟಿ ಪ್ಲಾಸ್ಟಿಕ್ಕಿನದು, ಕೊಕ್ಕೆಗಳಿರುತ್ತವೆ. ಒಳಗೆ ಕೈ ಹಾಕಿ ಒದ್ದೆ ಇದೆಯಾ ಪರೀಕ್ಷಿಸಿ. ಅಡಿಭಾಗ ಬಿಟ್ಟುಕೊಂಡಿದೆಯಾ, ಬೋವಾ ತಂತಿ ಎಳೆ ಬಿಟ್ಟಿದೆಯಾ ನೋಡಿ. ಆಮೇಲೆ ಅಲ್ಲೇ ನಿಂತು ಹಿಮ್ಮಡಿ ಪರೀಕ್ಷೆ ಮಾಡಿ. ಹಿಂದೆ ಸಾಲು ನಿಂತಿದ್ದರೂ ಸಂಕೋಚ ಬೇಡ. ಕಾಲುಚೀಲ ಮಾತ್ರ ಮನೆಯಿಂದಲೇ ಒಯ್ಯಿರಿ.

ಸ್ವಂತ ಬೂಟಾದರೆ ವಿಮಾನದಲ್ಲಿ ಕೈಸಾಮಾನಿನ ಜೊತೆ ಇಟ್ಟುಕೊಳ್ಳಿ. ಜೊತೆ ಸುಮಾರು 2 ಕೆ.ಜಿ. ತೂಗುತ್ತದೆ. ಬೇರೆ ಸಾಮಾನು ತಡವಾಗಿ ಬಂದರೂ ಬೂಟು ಕೈಯಲ್ಲಿದ್ದರೆ ಮಾರನೇ ದಿನ ಹಿಮಕ್ಕಿಳಿಯಬಹುದು.

ಒಣಗಿಸುವುದು, ಎತ್ತಿಡುವುದು

ಪ್ರತಿ ರಾತ್ರಿ ಲೈನರ್ ಹೊರಗೆ ತೆಗೆದು, ಒಳಗೆ ಹಳೇ ಪೇಪರ್ ತುರುಕಿ ಇಡಿ. ಕಾಶ್ಮೀರದ ರೂಮುಗಳಲ್ಲಿ ಬುಖಾರಿ ಒಲೆ ಇರುತ್ತದೆ. ಅದರ ಪಕ್ಕದಲ್ಲೇ ಇಡಬೇಕು ಅನ್ನಿಸುವುದು ಸಹಜ. ಜಾಸ್ತಿ ಬಿಸಿಗೆ ಅಂಟು ಬಿಡುತ್ತದೆ, ಫೋಮ್ ಆಕಾರ ಕೆಡುತ್ತದೆ. ನಾಲ್ಕಡಿ ದೂರ ಇಡಿ.

ಊರಿಗೆ ಬಂದ ಮೇಲೆ ಎರಡು ದಿನ ನೆರಳಲ್ಲಿ ಗಾಳಿಗೆ ಬಿಡಿ. ಅಟ್ಟಕ್ಕೆ ಹಾಕಬೇಡಿ. ಏಪ್ರಿಲ್ ಬಿಸಿಲಿಗೆ ಅಟ್ಟ ಕಾಯುತ್ತದೆ, ಆಮೇಲೆ ಮಳೆಗಾಲದ ತೇವ. ಪೆಟ್ಟಿಗೆಯಲ್ಲಿ ಮುಚ್ಚಿಟ್ಟರೆ ಬೂಷ್ಟು ಹಿಡಿಯುವುದು ಗ್ಯಾರಂಟಿ. ಲೇಸನ್ನು ಕೈಬಿಗಿಯಷ್ಟು ಮಾತ್ರ ಕಟ್ಟಿ, ಆಕಾರ ಉಳಿಯಲು ಒಳಗೆ ಪೇಪರ್ ತುಂಬಿ, ಬಟ್ಟೆ ಚೀಲದಲ್ಲಿ ಬೀರುವಿನ ಕೆಳಗಿನ ಅಂಕಣದಲ್ಲಿಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ತಿಂಗಳಿಗೊಮ್ಮೆ ಹೊರಗೆ ತೆಗೆದು ಪೇಪರ್ ಬದಲಿಸಿ. ಮತ್ತೆ ಹೊರಡುವ ಒಂದು ತಿಂಗಳ ಮುಂಚೆ ಅಡಿಯನ್ನು ಸುತ್ತಲೂ ಹೆಬ್ಬೆರಳಿಂದ ಒತ್ತಿ, ಅಂಚನ್ನು ಎಳೆದು ನೋಡಿ. ಅಂಟು ಬಿಟ್ಟಿದ್ದರೆ ಆಗಲೇ ರಿಪೇರಿ ಮಾಡಿಸಿ, ಕಾಲುಚೀಲ ಹಾಕಿಕೊಂಡು ಮೆಟ್ಟಿಲ ಮೇಲೆ ಹಿಮ್ಮಡಿ ಪರೀಕ್ಷೆ ಇನ್ನೊಮ್ಮೆ ಮಾಡಿ.